ಎಂಜಿನ್ ಕುಲುಕಾಟಕ್ಕೆ ಡ್ಯಾಂಪರ್: ಮೌಂಟಿಂಗ್ ನೋಡದೆ ಹಾಕಬೇಡಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಕಾರುಗಳಿಗೆ ದಿನದ ಮೊದಲ ಕೆಲಸವೇ ಕಷ್ಟದ್ದು. ಮನೆ ತೋಟದ ಮಗ್ಗುಲಲ್ಲಿ, ತಗ್ಗಿನಲ್ಲಿ. ಡಾಮರು ರಸ್ತೆ ಮೇಲೆ, ಗುಡ್ಡೆಯ ಅಂಚಿನಲ್ಲಿ. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಫಸ್ಟ್ ಗೇರಿನಲ್ಲಿ, ಹಾಫ್ ಕ್ಲಚ್ ಹಿಡಿದುಕೊಂಡು ಕಾಂಕ್ರೀಟಿನ ಏರು ಹತ್ತಬೇಕು. ರಸ್ತೆ ಸಿಕ್ಕಿದ ಮೇಲೆ ಶಾಲೆಯ ಮುಂದೊಂದು ಹಂಪ್, ದೇವಸ್ಥಾನದ ದ್ವಾರದ ಬಳಿ ಇನ್ನೊಂದು, ಪೇಟೆ ಹತ್ತಿರ ಬಂದರೆ ಬಿ.ಸಿ.ರೋಡಿನ ನಿಂತು ಚಲಿಸುವ ವಾಹನಗಳ ಸಾಲು. ಪ್ರತಿ ಸಲ ಕ್ಲಚ್ ಬಿಟ್ಟಾಗಲೂ ಬಾನೆಟ್ಟಿನ ಒಳಗೆ ಎಂಜಿನ್ ಒಂದು ಕಡೆಗೆ ವಾಲುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಇನ್ನೊಂದು ಕಡೆಗೆ. ಕೆಲವು ವರ್ಷ ಓಡಿದ ಕಾರಿನಲ್ಲಿ ಇದು ಕಾಲಡಿಯ ‘ದಡ್’ ಶಬ್ದವಾಗಿ, ಗೇರ್ ಲಿವರಿನ ಅಲುಗಾಟವಾಗಿ, ಕುತ್ತಿಗೆಗೆ ತಟ್ಟುವ ಜರ್ಕ್ ಆಗಿ ಅನುಭವಕ್ಕೆ ಬರುತ್ತದೆ. ಅದಕ್ಕೆ ಪರಿಹಾರವೆಂದು ಬಿಡಿಭಾಗ ಮಾರುವವರು ತೋರಿಸುವುದು ಎಂಜಿನ್ ಟಾರ್ಕ್ ಡ್ಯಾಂಪರ್ ಎಂಬ ಸಣ್ಣ ಕೊಳವೆಯನ್ನು. ಇದರ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಾರಿನ ಬಾಡಿಗೆ. ಒಳಗೆ ಎಣ್ಣೆ ಅಥವಾ ಎಣ್ಣೆಯ ಜೊತೆ ಗ್ಯಾಸ್. ನೋಡಲು ಪುಟ್ಟ ಶಾಕ್ ಅಬ್ಸಾರ್ಬರ್. ಇದು ಬೂಟಾಟಿಕೆಯ ವಸ್ತುವಲ್ಲ, ಸರಿಯಾದ ಜಾಗದಲ್ಲಿ ನಿಜವಾಗಿಯೂ ಕೆಲಸ ಮಾಡುತ್ತದೆ. ಆದರೆ ನಮ್ಮ ಕಡೆಯ ಹತ್ತು ಕಾರುಗಳಲ್ಲಿ ಹೆಚ್ಚಿನವಕ್ಕೆ ಬೇಕಾಗಿರುವುದು ಡ್ಯಾಂಪರ್ ಅಲ್ಲ, ಹೊಸ ಎಂಜಿನ್ ಮೌಂಟಿಂಗ್, ಅಂದರೆ ಎಂಜಿನ್ನನ್ನು ಬಾಡಿಗೆ ಹಿಡಿದಿಡುವ ರಬ್ಬರಿನ ಆಧಾರ. ಹಳಸಿದ ಮೌಂಟಿಂಗಿನ ಮೇಲೆ ಡ್ಯಾಂಪರ್ ಕೂರಿಸಿದರೆ ರೋಗದ ಲಕ್ಷಣ ಮುಚ್ಚಿಹೋಗಿ ರೋಗ ಬೆಳೆಯುತ್ತದೆ. ಹೀಗೇಕೆ ಹೇಳುತ್ತೇನೆ ಎಂಬುದಕ್ಕೆ ಕಾರಣ ಎಂಜಿನ್ ಯಾಕೆ ವಾಲುತ್ತದೆ ಎಂಬುದರಲ್ಲೇ ಇದೆ.

ಎಂಜಿನ್ ಚಕ್ರವನ್ನು ಒಂದು ದಿಕ್ಕಿಗೆ ತಿರುಗಿಸಿದರೆ, ಅಷ್ಟೇ ಬಲದಿಂದ ತಾನು ಎದುರು ದಿಕ್ಕಿಗೆ ತಿರುಗಲು ನೋಡುತ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ ಎಂಜಿನ್ ಉದ್ದಕ್ಕೆ ಕೂತಿರುತ್ತಿತ್ತು, ಕೊನೆಯ ಹಂತದ ಗೇರ್ ಹಿಂದಿನ ಆಕ್ಸಲ್‌ನಲ್ಲಿರುತ್ತಿತ್ತು. ಹಾಗಾಗಿ ಎದುರು ಬಲದ ದೊಡ್ಡ ಪಾಲನ್ನು ಹಿಂದಿನ ಆಕ್ಸಲ್ ಮತ್ತು ಅದರ ಪ್ಲೇಟುಗಳು ಹೊರುತ್ತಿದ್ದವು. 1983ರಲ್ಲಿ ಮಾರುತಿ 800 ಬಂದಾಗ ಎಂಜಿನ್ ಅಡ್ಡಕ್ಕೆ ತಿರುಗಿತು, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಎಂಜಿನ್ನಿಗೇ ಅಂಟಿಕೊಂಡವು, ಮುಂದಿನ ಚಕ್ರಗಳೇ ಎಳೆಯತೊಡಗಿದವು. ಇಂದು ನಮ್ಮ ಅಂಗಳಗಳಲ್ಲಿ ನಿಂತಿರುವ ಸಣ್ಣ ಕಾರುಗಳೆಲ್ಲ ಹೆಚ್ಚುಕಡಿಮೆ ಇದೇ ವಿನ್ಯಾಸದವು. ಇದರಲ್ಲಿ ಚಕ್ರಕ್ಕೆ ತಲುಪುವ ಅಷ್ಟೂ ತಿರುಚು ಬಲದ ಪ್ರತಿಕ್ರಿಯೆ ಎಂಜಿನ್ ಮೌಂಟಿಂಗುಗಳ ಮೇಲೆಯೇ ಬೀಳುತ್ತದೆ. ಅಂಕಿಯಲ್ಲಿ ನೋಡುವುದಾದರೆ, 2024ರವರೆಗೆ ಬರುತ್ತಿದ್ದ 1.2 ಲೀಟರ್ ಪೆಟ್ರೋಲ್ ಸ್ವಿಫ್ಟ್‌ನ ನಾಲ್ಕು ಸಿಲಿಂಡರ್ ಎಂಜಿನ್ನಿನ ಟಾರ್ಕ್ 113 ನ್ಯೂಟನ್ ಮೀಟರ್. ಫಸ್ಟ್ ಗೇರಿನಲ್ಲಿ ಅದು ಸುಮಾರು 15 ಪಟ್ಟಾಗಿ ಚಕ್ರಕ್ಕೆ ಹೋಗುತ್ತದೆ, ಅಂದರೆ 1,700 ನ್ಯೂಟನ್ ಮೀಟರ್ ಆಸುಪಾಸು. ಹಳೆಯ 1.3 ಲೀಟರ್ ಡೀಸೆಲ್ ಸ್ವಿಫ್ಟ್‌ನ ಎಂಜಿನ್ 190 ನ್ಯೂಟನ್ ಮೀಟರಿನದು. ಅಲ್ಲಿ ಲೆಕ್ಕ ಇನ್ನೂ ಮೇಲೆ ಹೋಗುತ್ತದೆ. ಆದರೆ ಇಷ್ಟೂ ಬಲ ರಸ್ತೆಗೆ ಇಳಿಯುವುದಿಲ್ಲ, ಅದಕ್ಕೆ ಟಯರಿನ ಹಿಡಿತವೇ ಮಿತಿ. ಮುಂದಿನ ಎರಡು ಚಕ್ರಗಳ ಮೇಲೆ 600 ಕಿಲೋ ಭಾರವಿದೆ, ಒಣ ಡಾಮರಿನಲ್ಲಿ ಆ ಭಾರದ 80 ಶೇಕಡಾದಷ್ಟು ಹಿಡಿತ ಸಿಗುತ್ತದೆ ಎಂದುಕೊಂಡರೆ, ಸುಮಾರು 1,400 ನ್ಯೂಟನ್ ಮೀಟರಿಗೆ ಚಕ್ರ ಜಾರಲು ಶುರುವಾಗುತ್ತದೆ. ಮೇಲಿನ ಮೌಂಟಿಂಗಿಗೂ ಕೆಳಗೆ ಎಂಜಿನ್ನನ್ನು ಹಿಡಿದಿಡುವ ಟಾರ್ಕ್ ರಾಡ್ ಎಂಬ ಸರಳಿಗೂ 40 ಸೆಂಟಿಮೀಟರ್ ಅಂತರವಿದ್ದರೆ, ಆ ಕ್ಷಣದಲ್ಲಿ ಟಾರ್ಕ್ ರಾಡಿನ ರಬ್ಬರ್ ಬುಶ್ ತಡೆಯಬೇಕಾದ ಬಲ 350 ಕಿಲೋ ತೂಕಕ್ಕೆ ಸಮ. ದಿನಾಲೂ ಮನೆಯ ಏರು ಹತ್ತುವಾಗ ಪೂರ್ತಿ ಇಷ್ಟು ಬೀಳದು. ಅರ್ಧ ಬಿದ್ದರೂ, ಮುಷ್ಟಿ ಗಾತ್ರದ ರಬ್ಬರ್ ತುಂಡೊಂದು ಬೆಳಗ್ಗೆ ಸಂಜೆ ಎರಡು ಮೂಟೆ ಸಿಮೆಂಟಿಗಿಂತ ಹೆಚ್ಚಿನ ಎಳೆತವನ್ನು ತಾಳುತ್ತಿರುತ್ತದೆ.

ಈಗ ಡ್ಯಾಂಪರ್ ಏನು ಮಾಡುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನೀರಿನಲ್ಲಿ ಕೈಯನ್ನು ನಿಧಾನವಾಗಿ ಆಡಿಸಿದರೆ ತಡೆಯೇ ಇಲ್ಲ, ರಭಸದಿಂದ ಬೀಸಿದರೆ ನೀರು ತಡೆಯುತ್ತದೆ. ಡ್ಯಾಂಪರಿನ ಒಳಗಿನ ಎಣ್ಣೆಯದ್ದೂ ಇದೇ ಗುಣ. ಅದರ ತಡೆ ಇರುವುದು ಚಲನೆಯ ವೇಗಕ್ಕೆ, ಬಲಕ್ಕಲ್ಲ. ಉದಾಹರಣೆಗೆ, ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಒತ್ತಿದರೆ 2,000 ನ್ಯೂಟನ್ ತಡೆ ಕೊಡುವ ಡ್ಯಾಂಪರ್ ಒಂದಿದೆ ಎಂದುಕೊಳ್ಳಿ. ಕ್ಲಚ್ ಫಕ್ಕನೆ ಬಿಟ್ಟಾಗ ಎಂಜಿನ್ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಒಂದು ಸೆಂಟಿಮೀಟರ್ ಜಿಗಿದರೆ ಡ್ಯಾಂಪರ್ 200 ನ್ಯೂಟನ್, ಅಂದರೆ ಸುಮಾರು 20 ಕಿಲೋ ತೂಕದಷ್ಟು ತಡೆಯುತ್ತದೆ. ಅದೇ ಒಂದು ಸೆಂಟಿಮೀಟರನ್ನು ಎಂಜಿನ್ ಹತ್ತು ಸೆಕೆಂಡಿನಲ್ಲಿ ಮೆಲ್ಲಗೆ ವಾಲಿದರೆ ತಡೆ ಎರಡು ನ್ಯೂಟನ್. ಇದ್ದೂ ಇಲ್ಲದ ಹಾಗೆ. ವಾಲಿ ನಿಂತ ಮೇಲೆ ತಡೆ ಸೊನ್ನೆ. ಹೀಗಾಗಿ ಚಾರ್ಮಾಡಿ ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ ನಿಮಿಷಗಟ್ಟಲೆ ಒಂದೇ ಸಮನೆ ಎಳೆಯುವ ಎಂಜಿನ್ನನ್ನು ಹಿಡಿದು ನಿಲ್ಲಿಸುವುದು ಪೂರ್ತಿಯಾಗಿ ಮೌಂಟಿಂಗಿನ ಕೆಲಸ, ಅಲ್ಲಿ ಡ್ಯಾಂಪರಿಗೆ ಪಾಲಿಲ್ಲ. ‘ಘಾಟಿಗೆ ಹೋಗುವವರು ಹಾಕಿಸಿಕೊಳ್ಳಿ’ ಎಂದು ಮಾರುವವರ ಮಾತು ಅರ್ಧ ಮಾತ್ರ ಸರಿ. ಘಾಟಿಯಲ್ಲಿ ಅದು ಉಪಯೋಗಕ್ಕೆ ಬರುವುದು ಏರಿನಲ್ಲಲ್ಲ, ತಿರುವಿನಲ್ಲಿ. ಹೇರ್‌ಪಿನ್ ತಿರುವಿಗೆ ಬಂದಾಗ ಆಕ್ಸಿಲರೇಟರ್ ಬಿಡುತ್ತೇವೆ, ಗೇರ್ ಇಳಿಸುತ್ತೇವೆ, ತಿರುವು ಕಳೆದ ಕೂಡಲೇ ಮತ್ತೆ ಒತ್ತುತ್ತೇವೆ. ಒಂದೊಂದು ತಿರುವಿಗೂ ಎಂಜಿನ್ ಹಿಂದೆ ಮುಂದೆ ಎರಡು ಸಲ ಹೊರಳುತ್ತದೆ. ಆ ಹೊರಳಾಟದ ರಭಸವನ್ನು ಡ್ಯಾಂಪರ್ ಕಡಿಮೆ ಮಾಡುತ್ತದೆ. ನಿಜ ಹೇಳಬೇಕೆಂದರೆ ಅದರ ಗುಣ ಚಾರ್ಮಾಡಿಗಿಂತ ಹೆಚ್ಚಾಗಿ ಕಾಣುವುದು ಬಂಟ್ವಾಳದಿಂದ ಸಿದ್ಧಕಟ್ಟೆಯ ಮೇಲಾಗಿ ಮೂಡುಬಿದಿರೆಗೆ ಹೋಗುವಂಥ, ಬಳುಕಿಗೊಂದು ಪೇಟೆ, ಪೇಟೆಗೊಂದು ಹಂಪ್ ಇರುವ ದಾರಿಯಲ್ಲಿ. ಕಲ್ಲಡ್ಕದಲ್ಲಿ ಮೇಲ್ಸೇತುವೆಯ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿ ಹೊಂಡ ತಪ್ಪಿಸಿ ಫಸ್ಟ್, ಸೆಕೆಂಡ್ ಗೇರಿನಲ್ಲೇ ತೆವಳಿದ ಕಾರುಗಳ ಮೌಂಟಿಂಗುಗಳಿಗೆ ಯಾವ ಘಾಟಿಯೂ ಕೊಡದಷ್ಟು ಹೊಡೆತ ಬಿದ್ದಿರುತ್ತದೆ.

ಮೌಂಟಿಂಗ್ ಸಾಮಾನ್ಯವಾಗಿ ಮೂರು ಇರುತ್ತವೆ: ಎಂಜಿನ್ನಿನ ಬಲಬದಿಗೊಂದು, ಗೇರ್‌ಬಾಕ್ಸಿನ ಎಡಬದಿಗೊಂದು, ಕೆಳಗೆ ಹಿಂಬದಿಯಲ್ಲಿ ಎಂಜಿನ್ ತಿರುಗದಂತೆ ಹಿಡಿಯುವ ಟಾರ್ಕ್ ರಾಡ್. ನಾಯಿಗೆ ಹಾಕುವ ಎಲುಬಿನ ಆಕಾರವಿರುವುದರಿಂದ ಗ್ಯಾರೇಜಿನಲ್ಲಿ ಕೆಲವರು ಇದನ್ನು ಡಾಗ್‌ಬೋನ್ ಎಂದೂ ಕರೆಯುತ್ತಾರೆ. ಇವುಗಳ ಜೀವ ರಬ್ಬರಿನಲ್ಲಿದೆ. ಬೆಳ್ತಂಗಡಿ ತಾಲೂಕಿನ ಗುಡ್ಡೆಗಳಲ್ಲಿ ಟ್ಯಾಪಿಂಗ್ ಆಗುವ ನೈಸರ್ಗಿಕ ರಬ್ಬರಿಗೆ ಈ ಕೆಲಸದಲ್ಲಿ ಈಗಲೂ ಮೇಲುಗೈ, ಯಾಕೆಂದರೆ ಲಕ್ಷಾಂತರ ಸಲ ಎಳೆದು ಬಿಟ್ಟರೂ ಬೇಗನೆ ಬಿರಿಯದ ಗುಣ ಅದಕ್ಕಿದೆ. ಅದರ ಶತ್ರುಗಳು ಬಿಸಿ, ಎಣ್ಣೆ ಮತ್ತು ಗಾಳಿಯಲ್ಲಿರುವ ಓಝೋನ್. ವಾಲ್ವ್ ಕವರಿನ ಗ್ಯಾಸ್ಕೆಟ್ ಸೋರಿ ಎಂಜಿನ್ ಆಯಿಲ್ ಬಲಬದಿಯ ಮೌಂಟಿಂಗಿನ ಮೇಲೆ ತೊಟ್ಟಿಕ್ಕುತ್ತಿದ್ದರೆ ಆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸೋರಿಕೆ ನಿಲ್ಲಿಸದೆ ಎಷ್ಟು ಹೊಸ ಮೌಂಟಿಂಗ್ ಹಾಕಿದರೂ ಅಷ್ಟೇ. ಬಲಬದಿಯದು ಹಲವು ಕಾರುಗಳಲ್ಲಿ ಒಳಗೆ ದ್ರವ ತುಂಬಿದ ಹೈಡ್ರಾಲಿಕ್ ಮೌಂಟಿಂಗ್. ಇದೊಂದು ಮುಖ್ಯ ವಿಷಯ: ಕಂಪನಿ ಅಲ್ಲಿ ಆಗಲೇ ಒಂದು ಡ್ಯಾಂಪರನ್ನು ಕೊಟ್ಟಿದೆ. ಅದರ ದ್ರವ ಸೋರಿ ಒಣಗಿದ ಮೇಲೆ ಮೇಲಿನಿಂದ ಇನ್ನೊಂದು ಡ್ಯಾಂಪರ್ ಕೊಳ್ಳುವುದೆಂದರೆ ಕಳೆದುಹೋದದ್ದನ್ನು ಹುಡುಕದೆ ಬೇರೆ ಕಡೆ ದುಡ್ಡು ಸುರಿದಂತೆ.

ಪರೀಕ್ಷೆ ಮನೆಯಂಗಳದಲ್ಲೇ ಮಾಡಬಹುದು, ಇಬ್ಬರು ಬೇಕು. ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆಯಿರಿ. ಒಂದು ಸ್ಟೀಲ್ ಸ್ಕೇಲನ್ನು ಶಾಕ್ ಅಬ್ಸಾರ್ಬರ್ ಟವರಿನ ಮೇಲೆ, ಎಂಜಿನ್ನಿನ ಹತ್ತಿರ ಬರುವಂತೆ ಟೇಪಿನಿಂದ ಅಂಟಿಸಿ. ಅದಕ್ಕೆ ನೇರವಾಗಿ ಎಂಜಿನ್ನಿನ ಮೇಲೆ ಬಿಳಿ ಗುರುತು ಹಾಕಿ. ಚಾಲಕ ಬ್ರೇಕ್ ಬಲವಾಗಿ ಒತ್ತಿ ಹಿಡಿದು, ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನು ಎಂಜಿನ್ ತುಸು ಬಗ್ಗುವಷ್ಟು ಮಾತ್ರ ಬಿಟ್ಟು ಕೂಡಲೇ ಒತ್ತಬೇಕು. ಆಮೇಲೆ ರಿವರ್ಸಿನಲ್ಲಿ ಅದೇ ಕೆಲಸ. ಇನ್ನೊಬ್ಬರು ಕಾರಿನ ಬದಿಯಲ್ಲಿ ನಿಂತು ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಯಬೇಕು. ಕಾರಿನ ಮುಂದೆಯೂ ಹಿಂದೆಯೂ ಯಾರೂ ನಿಲ್ಲಕೂಡದು, ಮಕ್ಕಳಂತೂ ಅಂಗಳದಲ್ಲೇ ಇರಬಾರದು. ವಿಡಿಯೊದಲ್ಲಿ ಗುರುತು ಮೆಲ್ಲಗೆ ಒಂದು ಸೆಂಟಿಮೀಟರ್ ಆಸುಪಾಸು ಸರಿದು ಮೆಲ್ಲಗೆ ವಾಪಸು ಬಂದರೆ ರಬ್ಬರ್ ತನ್ನ ಕೆಲಸ ಮಾಡುತ್ತಿದೆ. ಫಟ್ಟನೆ ಜಿಗಿದು, ಲೋಹಕ್ಕೆ ಲೋಹ ಬಡಿದಂತೆ ಸದ್ದು ಬಂದರೆ ಬುಶ್ ಹೋಗಿದೆ. ಆಮೇಲೆ ಗ್ಯಾರೇಜಿನ ಲಿಫ್ಟ್ ಮೇಲೆ ಟಾರ್ಕ್ ರಾಡಿನ ಬುಶ್‌ಗೆ ಟಯರ್ ಲಿವರ್ ಕೊಟ್ಟು ಆಡಿಸಿ ನೋಡಲು ಹೇಳಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಬುಶ್‌ನ ರಬ್ಬರಿನ ನಡುವೆ ಚಂದ್ರಕಲೆಯ ಆಕಾರದ ಖಾಲಿ ಸಂದುಗಳನ್ನು ಕಂಪನಿಯೇ ಬಿಟ್ಟಿರುತ್ತದೆ. ಅದನ್ನು ಕಂಡು ‘ಹರಿದಿದೆ’ ಎನ್ನುವ ಮೆಕ್ಯಾನಿಕ್ ಇದ್ದಾರೆ, ಆ ಸಂದಿಗೆ ಗಾಜು ಅಂಟಿಸುವ ಗೋಂದು ತುಂಬಿ ‘ಟೈಟ್’ ಮಾಡಿಕೊಡುವವರೂ ಇದ್ದಾರೆ. ಹರಿದ ರಬ್ಬರಿನ ಅಂಚು ದೊರಗಾಗಿ, ಪುಡಿ ಉದುರುವಂತೆ ಇರುತ್ತದೆ. ಅಚ್ಚಿನಲ್ಲಿ ಬಿಟ್ಟ ಸಂದಿನ ಅಂಚು ನಯವಾಗಿರುತ್ತದೆ. ಬಲಬದಿಯ ಹೈಡ್ರಾಲಿಕ್ ಮೌಂಟಿಂಗಿನ ಕೆಳಗೆ ಕಪ್ಪಗೆ ಅಂಟಾದ ಜಿಡ್ಡು ಕಂಡರೆ ದ್ರವ ಹೊರಬಂದಿದೆ ಎಂದರ್ಥ.

ಜರ್ಕ್ ಎಲ್ಲವೂ ಮೌಂಟಿಂಗಿನದ್ದೇ ಆಗಬೇಕೆಂದಿಲ್ಲ. ಪ್ಲಗ್ ಅಥವಾ ಕಾಯಿಲ್ ಸೊರಗಿ ಒಂದು ಸಿಲಿಂಡರ್ ಆಗಾಗ ಕೈಕೊಟ್ಟರೂ, ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದರೂ, ಕ್ಲಚ್ ಪ್ಲೇಟ್ ಒಂದೇ ಸಮನೆ ಹಿಡಿಯದಿದ್ದರೂ, ಡ್ರೈವ್‌ಶಾಫ್ಟಿನ ಒಳಗಿನ ಜಾಯಿಂಟ್ ಸವೆದರೂ ಚಾಲಕನಿಗೆ ತೋರುವುದು ಅದೇ ಕುಲುಕು. ಇವಕ್ಕೆಲ್ಲ ಡ್ಯಾಂಪರ್ ಮದ್ದಲ್ಲ.

ಇದಕ್ಕೆ ಎದುರಾಗಿ ಬರುವ ವಾದಗಳಲ್ಲಿ ತೂಕವಿರುವವೂ ಇವೆ. ರ‍್ಯಾಲಿ ಕಾರುಗಳಲ್ಲಿ ಎಂಜಿನ್ನನ್ನು ಬಿಗಿಯಾಗಿ ಕಟ್ಟಿರುತ್ತಾರಲ್ಲ, ಘಾಟಿಯ ಮೇಲೆ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಓಡುವ ಕಾರುಗಳಿಗೆ ಒಳ್ಳೆಯದಾದದ್ದು ನಮಗೇಕೆ ಬೇಡ ಎಂಬುದು ಒಂದು. ರ‍್ಯಾಲಿ ಕಾರಿಗೆ ಬೇಕಾದದ್ದು ಆಕ್ಸಿಲರೇಟರ್ ಒತ್ತಿದ ಕೂಡಲೇ ಪ್ರತಿಕ್ರಿಯೆ. ಅದಕ್ಕಾಗಿ ಸ್ಟೀರಿಂಗ್ ನಡುಗಿದರೂ, ಕಿವಿಗೆ ಸದ್ದು ಬಡಿದರೂ ಚಾಲಕ ಒಪ್ಪಿಕೊಂಡಿರುತ್ತಾನೆ. ಅಜ್ಜಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವ ಕಾರಿಗೆ ಆ ಲೆಕ್ಕ ಸರಿಹೊಂದದು. 750 ಆರ್‌ಪಿಎಂ ಐಡ್ಲಿಂಗ್‌ನಲ್ಲಿ ನಾಲ್ಕು ಸಿಲಿಂಡರ್ ಎಂಜಿನ್ ಸೆಕೆಂಡಿಗೆ 25 ಸಲ, ಮೂರು ಸಿಲಿಂಡರಿನದು ಸುಮಾರು 19 ಸಲ ತಟ್ಟುತ್ತದೆ. ಆ ತಟ್ಟುವಿಕೆ ಸೀಟಿಗೆ ಬರದಂತೆ ನುಂಗಿಕೊಳ್ಳಲೆಂದೇ ಮೌಂಟಿಂಗನ್ನು ಮೆತ್ತಗೆ ಮಾಡಿರುವುದು. ಎಂಜಿನ್ ಸ್ವಲ್ಪ ಅಲುಗುವುದು ದೋಷವಲ್ಲ, ವಿನ್ಯಾಸ. ಆಲ್ಟೊ, ಟಿಯಾಗೊ, ಕ್ವಿಡ್‌ನಂಥ ಮೂರು ಸಿಲಿಂಡರ್ ಕಾರುಗಳಲ್ಲಂತೂ ಎಂಜಿನ್ನಿಗೆ ತಾನಾಗಿಯೇ ತುದಿಯಿಂದ ತುದಿಗೆ ತೂಗುವ ಸ್ವಭಾವವಿದೆ; ಅಲ್ಲಿ ಬಿಗಿತ ಹೆಚ್ಚಿಸಿದರೆ ಎಸಿ ಹಾಕಿ ಸಿಗ್ನಲ್‌ನಲ್ಲಿ ನಿಂತಾಗ ಕನ್ನಡಿ ನಡುಗುವುದು ಖಚಿತ. ಎಣ್ಣೆಯ ಡ್ಯಾಂಪರ್ ಬದಲು ಒಳಗೆ ಏನೂ ಇಲ್ಲದ ಗಟ್ಟಿ ಸರಳನ್ನು ‘ಟಾರ್ಕ್ ಡ್ಯಾಂಪರ್’ ಎಂದೇ ಮಾರುವುದಿದೆ. ಅದರ ಎರಡು ತುದಿಯ ಪಾಲಿಯುರೇಥೇನ್ ಬುಶ್ ಬಿಟ್ಟರೆ ಕಂಪನವನ್ನು ತಡೆಯುವ ವಸ್ತುವೇ ಅದರಲ್ಲಿಲ್ಲ. ನಿತ್ಯದ ಕಾರಿಗೆ ಅದು ಬೇಡ. ಸರಳು ಎಂಬ ಉಪಾಯವೇ ತಪ್ಪೆಂದು ಇದರರ್ಥವಲ್ಲ. ಬ್ರಿಟನ್ನಿನಲ್ಲಿ 1959ರಲ್ಲಿ ಬಂದ ಮಿನಿ ಕಾರಿನಲ್ಲಿ ಅಡ್ಡ ಎಂಜಿನ್ನಿನ ಮೇಲ್ಭಾಗವನ್ನು ಬಾಡಿಗೆ ಹಿಡಿದಿಡಲು ಕಂಪನಿಯೇ ಇಂಥದೊಂದು ಸರಳು ಕೊಟ್ಟಿತ್ತು. ಅದರ ಬುಶ್ ಸವೆದಾಗ ಕಾರು ಹೊರಡುವಾಗ ಅದುರುವುದು, ಸೈಲೆನ್ಸರ್ ಪೈಪ್ ಬಿರುಕು ಬಿಡುವುದು ಆ ಕಾರಿನ ಹೆಸರಾಂತ ತೊಂದರೆ. ಅಲ್ಲೂ ರಿಪೇರಿ ಎಂದರೆ ಬುಶ್ ಬದಲಿಸುವುದೇ.

ಡ್ಯಾಂಪರ್ ಇದ್ದರೆ ಮೌಂಟಿಂಗ್ ಹೆಚ್ಚು ಕಾಲ ಬಾಳುತ್ತದೆ ಎಂಬ ವಾದವನ್ನು ನಾನು ಒಪ್ಪುತ್ತೇನೆ, ಆದರೆ ಮೌಂಟಿಂಗ್ ಚೆನ್ನಾಗಿದ್ದಾಗ ಮಾತ್ರ. ರಬ್ಬರ್ ಹರಿಯುವುದು ಹೆಚ್ಚಾಗಿ ಹಠಾತ್ ಎಳೆತಕ್ಕೆ. ಆ ಎಳೆತದ ತುದಿಯನ್ನು ಡ್ಯಾಂಪರ್ ಮೊಂಡು ಮಾಡುತ್ತದೆ. ಹರಿದು ಹೋದ ಮೇಲೆ ಹಾಕಿದರೆ ಕತೆಯೇ ಬೇರೆ. ಆಗ ಎಂಜಿನ್ ತನ್ನ ಜಾಗದಲ್ಲೇ ಇರುವುದಿಲ್ಲ, ಡ್ಯಾಂಪರ್ ನಡುಮಟ್ಟ ಬಿಟ್ಟು ಒಂದು ತುದಿಗೆ ತಲುಪಿ ಬಡಿಯತೊಡಗುತ್ತದೆ, ಆ ಪೆಟ್ಟು ಬಾಡಿಯ ತೆಳು ತಗಡಿಗೆ ಹೋಗುತ್ತದೆ. ಅಷ್ಟರಲ್ಲಿ ಚಾಲಕನಿಗೆ ‘ದಡ್’ ಶಬ್ದ ಕಡಿಮೆಯಾಗಿರುವುದರಿಂದ ಸಮಾಧಾನ. ಅತ್ತ ಸೈಲೆನ್ಸರಿನ ಬಳುಕುವ ಪೈಪು, ಡ್ರೈವ್‌ಶಾಫ್ಟ್ ಜಾಯಿಂಟ್, ರೇಡಿಯೇಟರ್ ಹೋಸ್ ಎಲ್ಲವೂ ಅಳತೆ ಮೀರಿ ಎಳೆದಾಡುತ್ತಿರುತ್ತವೆ. ದುಡ್ಡಿನ ವಾದವೂ ಇದರಲ್ಲೇ ಬಗೆಹರಿಯುತ್ತದೆ. ಕಂಪನಿಯ ಮೂರು ಮೌಂಟಿಂಗ್ ಒಟ್ಟಿಗೆ ಬದಲಿಸಲು ಖರ್ಚು ಹೆಚ್ಚು ಎನ್ನುವವರು ಮೂರನ್ನೂ ಬದಲಿಸಬೇಕಾಗಿಲ್ಲ. ಅನೇಕ ಕಾರುಗಳಲ್ಲಿ ಮೊದಲು ಸೋಲುವುದು ಟಾರ್ಕ್ ರಾಡಿನ ಬುಶ್, ಮೂರರಲ್ಲಿ ಕಡಿಮೆ ಬೆಲೆಯದೂ ಸಾಮಾನ್ಯವಾಗಿ ಅದೇ. ಪಿಕಪ್ ಹೆಚ್ಚುತ್ತದೆ, ಮೈಲೇಜ್ ಹೆಚ್ಚುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಎಂಜಿನ್ ವಾಲುವಷ್ಟು ಹೊತ್ತು ಚಕ್ರಕ್ಕೆ ಬಲ ತಲುಪುವುದು ತುಸು ತಡವಾಗುತ್ತದೆ, ಡ್ಯಾಂಪರ್ ಆ ತಡವನ್ನು ನವಿರಾಗಿ ಕಡಿಮೆ ಮಾಡೀತು. ಎಂಜಿನ್ನಿನ ಬಲಕ್ಕೂ ಕುಡಿಯುವ ಪೆಟ್ರೋಲಿಗೂ ಅದು ಏನನ್ನೂ ಮಾಡದು. 2014ರಲ್ಲಿ ಸೆಲೆರಿಯೊದಿಂದ ಹಿಡಿದು ನಮ್ಮಲ್ಲಿ ಹರಡಿದ ಎಎಂಟಿ ಕಾರುಗಳಲ್ಲಿ ಗೇರ್ ಬದಲಾಗುವಾಗ ತಲೆ ಮುಂದಕ್ಕೆ ತೂಗುವುದು ಆ ಅರೆಗಳಿಗೆ ಚಕ್ರಕ್ಕೆ ಬಲವೇ ಇಲ್ಲದಿರುವುದರಿಂದ. ಎಂಜಿನ್ನನ್ನು ಎಷ್ಟು ಹಿಡಿದಿಟ್ಟರೂ ಅದು ಹೋಗದು.

ಹಾಗಾದರೆ ಡ್ಯಾಂಪರ್ ಯಾರಿಗೆ? ಮೌಂಟಿಂಗುಗಳೆಲ್ಲ ಗಟ್ಟಿಯಿದ್ದು, ಆದರೂ ಕಡಿದಾದ ಏರು ಮತ್ತು ನಿಂತು ಹೊರಡುವ ದಾರಿ ದಿನಚರಿಯಾಗಿದ್ದು, ಎಂಜಿನ್ ಹೊರಳುವ ರಭಸ ಕಾಡುವವರಿಗೆ. ಟರ್ಬೊ ಡೀಸೆಲ್ ಕಾರಿನವರಿಗೆ ಇದರ ಲಾಭ ಹೆಚ್ಚು, ಕೆಳಗಿನ ಆರ್‌ಪಿಎಂನಲ್ಲೇ ಟಾರ್ಕ್ ಒಮ್ಮೆಲೇ ನುಗ್ಗುವುದರಿಂದ. ಎಂಜಿನ್ನಿನ ಟ್ಯೂನಿಂಗ್ ಬದಲಿಸಿ ಟಾರ್ಕ್ ಏರಿಸಿಕೊಂಡವರಿಗೆ ಕಂಪನಿಯ ಮೌಂಟಿಂಗ್ ಆಗಲೇ ತನ್ನ ಅಳತೆ ಮೀರಿ ದುಡಿಯುತ್ತಿರುತ್ತದೆ. ಆದರೆ ಕಾರಿನ ವಿನ್ಯಾಸವೂ ಒಪ್ಪಬೇಕು, ಮಾರುವವರು ಇದನ್ನು ಹೇಳುವುದೇ ಇಲ್ಲ. ಎಂಜಿನ್ನಿನ ಮುಂದೆ ಹಿಂದೆ ತಗ್ಗಿನಲ್ಲಿ ಮೌಂಟಿಂಗ್ ಇರುವ ಹಳೆಯ ವಿನ್ಯಾಸದ ಕಾರುಗಳಲ್ಲಿ ಎಂಜಿನ್ನಿನ ತಲೆ ಹೆಚ್ಚು ತೂಗುತ್ತದೆ. ಮೇಲ್ಭಾಗಕ್ಕೆ ಕಟ್ಟಿದ ಡ್ಯಾಂಪರಿಗೆ ಕೈತುಂಬ ಕೆಲಸ. ಈಗಿನ ಬಹುಪಾಲು ಕಾರುಗಳಲ್ಲಿ ಎಂಜಿನ್ ಎರಡು ಬದಿಯ ಎತ್ತರದ ಮೌಂಟಿಂಗಿನಿಂದ ತೂಗುಬಿದ್ದಿರುತ್ತದೆ, ತೂಗುವುದು ಅದರ ಬುಡ. ಅಲ್ಲಿ ತಲೆಗೆ ಡ್ಯಾಂಪರ್ ಕಟ್ಟಿದರೆ ಅದಕ್ಕೆ ಸಿಗುವ ಚಲನೆಯೇ ಕೆಲವು ಮಿಲಿಮೀಟರ್. ಮೇಲೆ ಹೇಳಿದ ಸ್ಕೇಲ್ ಪರೀಕ್ಷೆಯನ್ನು ಡ್ಯಾಂಪರ್ ಕಟ್ಟಬೇಕೆಂದಿರುವ ಜಾಗದಲ್ಲೇ ಮಾಡಿದರೆ ಇದು ತಿಳಿಯುತ್ತದೆ. ಆ ಜಾಗದಲ್ಲಿ ಎಂಜಿನ್ ಐದು ಮಿಲಿಮೀಟರೂ ಸರಿಯದಿದ್ದರೆ ದುಡ್ಡು ಉಳಿಸಿಕೊಳ್ಳಿ.

ಹಾಕುವುದೇ ಎಂದಾದರೆ ನಿಮ್ಮ ಮಾದರಿಯ ಕಾರಿಗೆಂದೇ ಬ್ರಾಕೆಟ್ ಸಮೇತ ಬರುವ ಕಿಟ್ ಕೊಳ್ಳುವುದು ಒಳ್ಳೆಯದು. ಅದು ಸಿಗದೆ ಲೇತ್ ವರ್ಕ್‌ಶಾಪಿನಲ್ಲಿ ಬ್ರಾಕೆಟ್ ಮಾಡಿಸುವುದಾದರೆ ಐದಾರು ಮಿಲಿಮೀಟರ್ ದಪ್ಪದ ಮೈಲ್ಡ್ ಸ್ಟೀಲ್ ಪಟ್ಟಿಯೇ ಬೇಕು, ಅಂಚನ್ನು ಅರದಿಂದ ಉಜ್ಜಿ, ಪ್ರೈಮರ್ ಮೇಲೆ ಬಣ್ಣ ಹೊಡೆಸಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಿಲ್ಲೆಯಲ್ಲಿ ಬರಿ ಕಬ್ಬಿಣ ಒಂದು ಮಳೆಗಾಲವನ್ನೂ ದಾಟದು. ಡಿಕ್ಕಿಯ ಬಾಗಿಲು ಎತ್ತುವ ಗ್ಯಾಸ್ ಲಿಫ್ಟರನ್ನು ಡ್ಯಾಂಪರ್ ಜಾಗದಲ್ಲಿ ಎಂದೂ ಕಟ್ಟಬೇಡಿ. ನೋಡಲು ಒಂದೇ ಥರ ಕಂಡರೂ ಅದು ಸ್ಪ್ರಿಂಗಿನಂತೆ ಸದಾ ಹೊರಕ್ಕೆ ತಳ್ಳುವ ವಸ್ತು, ಎಂಜಿನ್ನನ್ನು ಹಗಲೂ ರಾತ್ರಿ ಒಂದು ಬದಿಗೆ ದೂಡಿ ಮೌಂಟಿಂಗನ್ನು ಹಾಳು ಮಾಡುತ್ತದೆ. ಡ್ಯಾಂಪರನ್ನು ಕೈಯಲ್ಲಿ ಹಿಡಿದು ಒತ್ತಿ, ಎಳೆದು ನೋಡಿ: ಎರಡೂ ದಿಕ್ಕಿಗೆ ಒಂದೇ ಸಮನಾದ ತಡೆ ಇರಬೇಕು, ಕೈ ಬಿಟ್ಟರೆ ಅಲ್ಲೇ ನಿಲ್ಲಬೇಕು ಅಥವಾ ತೀರ ಮೆಲ್ಲಗೆ ಸರಿಯಬೇಕು.

ಕಟ್ಟುವ ಜಾಗದ ಆಯ್ಕೆಯಲ್ಲಿ ಅರ್ಧ ಕೆಲಸ ಮುಗಿಯುತ್ತದೆ. ಎಂಜಿನ್ ಕಡೆಯ ತುದಿ ಮೌಂಟಿಂಗ್ ಬ್ರಾಕೆಟಿನ ಬೋಲ್ಟಿಗೋ, ಎಂಜಿನ್ ಎತ್ತಲು ಕೊಟ್ಟಿರುವ ಕೊಂಡಿಯ ಬೋಲ್ಟಿಗೋ ಬರಬೇಕು. ವಾಲ್ವ್ ಕವರ್, ಪ್ಲಾಸ್ಟಿಕ್ ಇನ್‌ಟೇಕ್, ಸೆನ್ಸರ್ ಹಿಡಿದ ಸಣ್ಣ ಸ್ಕ್ರೂಗಳ ಮೇಲೆ ಬರಕೂಡದು. ಬಾಡಿ ಕಡೆಯದಕ್ಕೆ ಶಾಕ್ ಅಬ್ಸಾರ್ಬರ್ ಟವರಿನ ಮೇಲಿನ ನಟ್ಟು ಗಟ್ಟಿ ಜಾಗ. ರೇಡಿಯೇಟರ್ ಹಿಡಿದ ಪಟ್ಟಿ, ಮಡ್‌ಗಾರ್ಡಿನ ತಗಡು ಇದಕ್ಕೆ ಹೇಳಿಸಿದ್ದಲ್ಲ. ಚಾಲಕನ ಕಾಲಿನ ಮುಂದಿರುವ ಫೈರ್‌ವಾಲ್‌ಗೆ ತೂತು ಕೊರೆದು ಕಟ್ಟುವುದನ್ನು ಬಿಟ್ಟೇಬಿಡಬೇಕು, ಅಲ್ಲಿಂದ ಸದ್ದು ನೇರ ಒಳಗೆ ಬರುತ್ತದೆ, ಅಪಘಾತದಲ್ಲಿ ಎಂಜಿನ್ ಹಿಂದೆ ಸರಿದರೆ ಅಲ್ಲಿರುವುದು ಚಾಲಕನ ಕಾಲು. ಟವರಿನ ನಟ್ಟು ಬಿಚ್ಚುವಾಗ ಕಾರಿನ ಚಕ್ರಗಳು ನೆಲದ ಮೇಲಿರಬೇಕು, ಜ್ಯಾಕ್ ಹಾಕಿರಬಾರದು. ಸುತ್ತಲಿನ ನಟ್ಟುಗಳಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ತೆಗೆಯಿರಿ. ನಡುವಿನ ದೊಡ್ಡ ನಟ್ಟಿಗೆ ಕೈ ಹಾಕಲೇಬೇಡಿ, ಒಳಗೆ ಒತ್ತಿ ಹಿಡಿದ ಸ್ಪ್ರಿಂಗ್ ಇದೆ, ಸಡಿಲವಾದರೆ ಪ್ರಾಣಕ್ಕೇ ಅಪಾಯ. ಎಂಜಿನ್ ತಣ್ಣಗಿದ್ದು, ಗೇರ್ ನ್ಯೂಟ್ರಲ್‌ನಲ್ಲಿದ್ದಾಗ ಡ್ಯಾಂಪರಿನ ಸರಳು ತನ್ನ ಒಟ್ಟು ಓಟದ ಸರಿಯಾಗಿ ನಡುವಿನಲ್ಲಿ ಬರುವಂತೆ ಬ್ರಾಕೆಟ್ ಹೊಂದಿಸಬೇಕು. ಡ್ಯಾಂಪರ್ ಮಲಗುವ ದಿಕ್ಕು ಎಂಜಿನ್ ತೂಗುವ ದಿಕ್ಕೇ ಆಗಿರಬೇಕು, ಅಂದರೆ ಅಡ್ಡ ಎಂಜಿನ್ನಿನ ಕಾರಿನಲ್ಲಿ ಹಿಂದೆ ಮುಂದೆ. ಸಿಕ್ಕ ಬೋಲ್ಟಿಗೆ ಕಟ್ಟಿ ಎಡಕ್ಕೆ ಬಲಕ್ಕೆ ಮಲಗಿಸಿದ ಡ್ಯಾಂಪರುಗಳು ಹೊಳೆಯುತ್ತವೆ, ಕೆಲಸವನ್ನೇನೂ ಮಾಡುವುದಿಲ್ಲ. ಬೋಲ್ಟ್ ತಲೆಯ ಮೇಲೆ 8.8 ಎಂಬ ಗುರುತಿರಲಿ. ಎಂಟು ಮಿಲಿಮೀಟರಿನ ಅಂಥ ಬೋಲ್ಟನ್ನು ಸ್ಟೀಲಿನಲ್ಲಿ ಸುಮಾರು 25 ನ್ಯೂಟನ್ ಮೀಟರಿಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಎಂಜಿನ್ನಿನ ಅಲ್ಯೂಮಿನಿಯಂ ಮರೆಗೆ ಅಷ್ಟು ಕೊಟ್ಟರೆ ಕಿತ್ತು ಬಂದೀತು, ಅಲ್ಲಿ ಕಂಪನಿಯ ಮ್ಯಾನುಯಲ್ ಹೇಳಿದ್ದಷ್ಟೇ ಪ್ರಮಾಣ. ಎಲ್ಲ ಕಟ್ಟಿದ ಮೇಲೆ ಬಾನೆಟ್ ಮುಚ್ಚುತ್ತದೆಯೇ, ಎಂಜಿನ್ ಎರಡೂ ಕಡೆಗೆ ಪೂರ್ತಿ ವಾಲಿದಾಗ ಎಸಿ ಪೈಪು, ವಯರಿಂಗ್, ಬ್ರೇಕ್ ಬೂಸ್ಟರಿನ ಹೋಸ್ ಯಾವುದಕ್ಕೂ ಡ್ಯಾಂಪರ್ ಉಜ್ಜುವುದಿಲ್ಲವೇ ಎಂದು ಅದೇ ವಿಡಿಯೊ ವಿಧಾನದಲ್ಲಿ ನೋಡಬೇಕು.

ಕಾನೂನಿನ ಭಯವೂ ಕೆಲವರಿಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದೆಂದು. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದು ಸೇರಿತು. ಬಣ್ಣ, ಇಂಧನ, ಎಂಜಿನ್ನಿನ ಸಾಮರ್ಥ್ಯ, ಬಾಡಿಯ ಮಾದರಿ ಇಂಥವು ನೋಂದಣಿಯ ವಿವರಗಳು. ಇರುವ ಬೋಲ್ಟಿಗೆ ಕಟ್ಟಿ, ಬೇಡವೆಂದಾಗ ಬಿಚ್ಚಬಹುದಾದ ಡ್ಯಾಂಪರ್ ಅವುಗಳಲ್ಲಿ ಯಾವುದನ್ನೂ ಮುಟ್ಟುವುದಿಲ್ಲ ಎಂಬುದು ನನ್ನ ತಿಳಿವಳಿಕೆ. ಚಾಸಿಗೆ ವೆಲ್ಡಿಂಗ್ ಮಾಡಿಸಿದರೆ, ಹೊಸ ತೂತು ಕೊರೆಸಿದರೆ ಆ ಮಾತು ನಿಲ್ಲದು. ಸಂಶಯವಿದ್ದವರು ಬಂಟ್ವಾಳದ ಕೆಎ 70 ಕಚೇರಿಯಲ್ಲೋ, ಕಾರು ನೋಂದಣಿಯಾದ ಕಚೇರಿಯಲ್ಲೋ ಮೊದಲೇ ಕೇಳಿಕೊಳ್ಳಬಹುದು. ವಾರಂಟಿ ಮುಗಿಯದ ಕಾರಿಗಂತೂ ಹಾಕಲೇಬೇಡಿ, ಮೌಂಟಿಂಗ್ ಕೆಟ್ಟರೆ ಕಂಪನಿಯೇ ನೋಡಿಕೊಳ್ಳಬೇಕಾದ ಅವಧಿಯದು.

ಹಾಕಿಸಿದ ನೂರು ಕಿಲೋಮೀಟರಿನ ಬಳಿಕ ಬೋಲ್ಟುಗಳ ಬಿಗಿ ಇನ್ನೊಮ್ಮೆ ನೋಡಬೇಕು. ಮಳೆಗಾಲ ಕಳೆದ ಮೇಲೆ ಡ್ಯಾಂಪರಿನ ಸರಳಿನ ಮೇಲೆ ಎಣ್ಣೆಯ ತೇವ ಇದೆಯೇ, ತುದಿಯ ಬುಶ್ ಸಡಿಲವಾಗಿದೆಯೇ, ಬ್ರಾಕೆಟ್ ತುಕ್ಕು ಹಿಡಿದಿದೆಯೇ ಎಂದು ಸರ್ವಿಸಿನ ಹೊತ್ತಿಗೆ ಪರೀಕ್ಷಿಸಿದರೆ ಸಾಕು. ಸೀಲ್ ಸೋರಿದ ಡ್ಯಾಂಪರ್ ರಿಪೇರಿಗೆ ಬರುವುದಿಲ್ಲ, ಅದನ್ನು ಬದಲಿಸಬೇಕು, ಇಲ್ಲವೇ ಬಿಚ್ಚಿಡಬೇಕು. ಐಡ್ಲಿಂಗ್‌ನಲ್ಲಿ ಸ್ಟೀರಿಂಗ್ ಮೊದಲಿಗಿಂತ ಹೆಚ್ಚು ನಡುಗುತ್ತಿದೆ ಅನಿಸಿದರೆ ಒಂದು ತುದಿಯ ಬೋಲ್ಟ್ ತೆಗೆದು, ಡ್ಯಾಂಪರನ್ನು ಎಂಜಿನ್ನಿಗೂ ಬೆಲ್ಟಿಗೂ ತಾಗದಂತೆ ದಾರದಿಂದ ಕಟ್ಟಿ, ಎಂಜಿನ್ ಚಾಲೂ ಮಾಡಿ ಹೋಲಿಸಿ ನೋಡಿ. ವ್ಯತ್ಯಾಸ ಅಲ್ಲೇ ತಿಳಿಯುತ್ತದೆ. ದಾರಿಯಲ್ಲಿ ಲಾಭ ಇದೆಯೋ ಇಲ್ಲವೋ ಎಂಬುದಕ್ಕೂ ಇದೇ ದಾರಿ ಇದೆ, ಈ ಸಲ ಡ್ಯಾಂಪರನ್ನು ಪೂರ್ತಿ ಬಿಚ್ಚಿ, ಬಿಚ್ಚಿದ ಬೋಲ್ಟ್ ನಟ್ಟುಗಳನ್ನು ಅವುಗಳ ಜಾಗದಲ್ಲಿ ಮತ್ತೆ ಬಿಗಿದು. ಚಾಲಕನಿಗೆ ತಿಳಿಸದೆ ಮೆಕ್ಯಾನಿಕ್ ಕೈಲಿ ಇದನ್ನು ಮಾಡಿಸಿ, ಅದೇ ಚಾಲಕ, ಅದೇ ಏರು, ಅದೇ ಹಂಪುಗಳ ಮೇಲೆ ಓಡಿಸಲಿ. ಮರುದಿನ ಹಾಕಿಸಿ ಇನ್ನೊಮ್ಮೆ. ಹೊಸದಾಗಿ ದುಡ್ಡು ಕೊಟ್ಟ ವಸ್ತು ಒಳ್ಳೆಯದೆಂದು ನಂಬಲು ಮನಸ್ಸು ತಯಾರಾಗಿರುತ್ತದೆ, ಆದ್ದರಿಂದ ಯಾವ ದಿನ ಡ್ಯಾಂಪರ್ ಇತ್ತೆಂದು ಅವರು ಹೇಳಲಾರದೆ ಹೋದರೆ ಅದನ್ನು ಬಿಚ್ಚಿ ಮರಳಿಸಿ, ಆ ದುಡ್ಡಿಗೆ ಒಂದು ಟಾರ್ಕ್ ರಾಡ್ ಬುಶ್ ತಂದಿಟ್ಟುಕೊಳ್ಳಿ.